ಮೊದಲು ಕುಲುಮೆ, ಆಮೇಲೆ ಬರ್ನರ್

ಮಾನ್ಯರೇ,

ಮನೆಯಲ್ಲೇ ಕೂತು ಗಾಜಿನ ಮಣಿ ಮಾಡಿ, ಮಾರಿ, ನಾಲ್ಕು ಕಾಸು ಸಂಪಾದಿಸಿ ಎಂದು ಹುರಿದುಂಬಿಸುವ ಬರಹಗಳು, ವಿಡಿಯೊಗಳು ಈಚೆಗೆ ಹೆಚ್ಚಾಗಿವೆ. ಎರಡು ಮೂರು ದಿನದ ತರಬೇತಿ, ಒಂದು ಬರ್ನರ್, ಒಂದು ಕಟ್ಟು ಬಣ್ಣದ ಗಾಜಿನ ಕಡ್ಡಿ ಇದ್ದರೆ ಕಸುಬು ಶುರುವಾದಂತೆಯೇ ಎಂಬುದು ಅವುಗಳ ಧಾಟಿ. ಉರಿಯ ಮುಂದೆ ಮಣಿ ಮೂಡುವುದು ನೋಡಲು ಚೆಂದ, ಹಾಗಾಗಿ ಕ್ಯಾಮೆರಾ ಅಲ್ಲಿಗೇ ನಿಂತುಬಿಡುತ್ತದೆ. ಮಣಿ ಬಾಳುತ್ತದೋ ಸೀಳುತ್ತದೋ ಎಂಬುದು ತೀರ್ಮಾನವಾಗುವುದು ಉರಿಯಿಂದ ಹೊರಬಂದ ಮೇಲಿನ ಐದಾರು ಗಂಟೆಗಳಲ್ಲಿ. ಆ ಗಂಟೆಗಳ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ ಈ ಪತ್ರ.

ಉರಿಯುವ ಲಾಟೀನಿನ ಬುರುಡೆಗೆ ಒಂದು ಹನಿ ನೀರು ಬಿದ್ದರೆ ಚಟ್ ಎಂದು ಸೀಳುವುದನ್ನು ಹಿರಿಯರು ಕಂಡಿದ್ದಾರೆ. ಬಿಸಿ ಮಣಿಯನ್ನು ಹಾಗೇ ಗಾಳಿಗೆ ಬಿಟ್ಟರೆ ಆಗುವುದೂ ಅದೇ, ನಿಧಾನವಾಗಿ ಅಷ್ಟೆ. ಮೇಲ್ಮೈ ಮೊದಲು ಆರಿ ಗಟ್ಟಿಯಾಗುತ್ತದೆ, ಒಡಲು ಇನ್ನೂ ಮೆತ್ತಗೆ ಇರುತ್ತದೆ. ಒಡಲು ಆಮೇಲೆ ಆರಿ ಕುಗ್ಗಹೊರಟಾಗ ಗಟ್ಟಿಯಾದ ಮೇಲ್ಮೈ ಬಿಟ್ಟುಕೊಡುವುದಿಲ್ಲ. ಈ ಎಳೆದಾಟ ಮಣಿಯೊಳಗೇ ಉಳಿದುಬಿಡುತ್ತದೆ. ಕೆಲವು ಮಣಿ ಹತ್ತು ನಿಮಿಷದಲ್ಲಿ ಸೀಳುತ್ತವೆ, ಅವು ಪುಣ್ಯವಂತ ಮಣಿಗಳು, ಕಸದ ಡಬ್ಬಿಗೆ ಹೋಗುತ್ತವೆ. ಉಳಿದವು ಗ್ರಾಹಕರ ಮನೆಯ ಡಬ್ಬಿಯಲ್ಲಿ, ಮೂರು ವಾರ ಕಳೆದು, ಯಾರೂ ಮುಟ್ಟದಿದ್ದಾಗ ಸೀಳುತ್ತವೆ. ಸರದ ನಡುವಿನ ಒಂದು ಮಣಿ ಹಾಗಾದರೆ ಇಡೀ ಸರ ವಾಪಸು ಬರುತ್ತದೆ. ಬಂದವರು ಮತ್ತೆ ಬರುವುದಿಲ್ಲ.

ಈ ಎಳೆತವನ್ನು ತೆಗೆಯುವ ಕೆಲಸಕ್ಕೆ ಅನೀಲಿಂಗ್ ಎನ್ನುತ್ತಾರೆ. ಗಾಜು ಆಕಾರ ಕೆಡದಷ್ಟು ಗಟ್ಟಿ, ಆದರೆ ಒಳಗಿನ ಬಿಗಿತ ಸಡಿಲವಾಗುವಷ್ಟು ಬಿಸಿ ಇರುವ ಒಂದು ಹದದಲ್ಲಿ ಮಣಿಯನ್ನು ಹಿಡಿದಿಟ್ಟು, ಅಲ್ಲಿಂದ ಅವಸರ ಮಾಡದೆ ಇಳಿಸುವುದು. ಮಣಿ ಕೆಲಸಕ್ಕೆ ಹೆಚ್ಚಾಗಿ ಬಳಸುವ ಮೆದು ಗಾಜಿಗೆ, ಅಂದರೆ ಪೊಟ್ಟಣದ ಮೇಲೆ ಸಿಒಇ 104 (ಬಿಸಿಗೆ ಗಾಜು ಎಷ್ಟು ಹಿಗ್ಗುತ್ತದೆ ಎಂಬುದರ ಅಂಕಿ) ಎಂದು ಬರೆದಿರುವ ಇಟಲಿಯ ಮುರಾನೊ ಬಗೆಯ ಕಡ್ಡಿಗಳಿಗೆ, ಈ ಹದ 510ರಿಂದ 520 ಡಿಗ್ರಿ ಸೆಲ್ಸಿಯಸ್. ಕೆಲಸ ಶುರು ಮಾಡುವ ಒಂದು ಗಂಟೆ ಮೊದಲೇ ಕುಲುಮೆ, ಅಂದರೆ ಬಿಸಿಯನ್ನು ಬೇಕಾದ ಡಿಗ್ರಿಯಲ್ಲಿ ನಿಲ್ಲಿಸುವ ಕರೆಂಟಿನ ಗೂಡು, ಹಚ್ಚಿ 510ಕ್ಕೆ ತಂದಿಟ್ಟುಕೊಳ್ಳಬೇಕು. ಮಣಿ ಮುಗಿದಂತೆಲ್ಲ, ಕೆಂಪು ಬಣ್ಣ ಆರಿದ ಕೂಡಲೇ, ಮಣಿ ಸುತ್ತಿದ ಸ್ಟೀಲ್ ಕಡ್ಡಿ ಸಮೇತ ಒಳಗೆ ತಳ್ಳಬೇಕು. ಕೊನೆಯ ಮಣಿ ಒಳಗೆ ಹೋದ ಮೇಲೆ ಪೂರ್ತಿ ಒಂದು ಗಂಟೆ ಅದೇ ಬಿಸಿ. 20 ಮಿಲಿಮೀಟರಿಗಿಂತ ದಪ್ಪದ ಮಣಿಗಳಿದ್ದರೆ ಎರಡು ಗಂಟೆ. ಆಮೇಲೆ ಗಂಟೆಗೆ 50 ಡಿಗ್ರಿಯಂತೆ 425ಕ್ಕೆ ಇಳಿಸಿ ಸ್ವಿಚ್ ಆರಿಸಬಹುದು. ಬಾಗಿಲು ತೆರೆಯುವುದು ಮರುದಿನ ಬೆಳಗ್ಗೆ. ಇಣುಕಿ ನೋಡುವ ಆಸೆಗೆ ರಾತ್ರಿ ಬಾಗಿಲು ತೆರೆದವರು ಇಡೀ ದಿನದ ಕೆಲಸ ಕಳೆದುಕೊಂಡಾರು.

ವರ್ಮಿಕ್ಯುಲೈಟ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಗಿಡಗಳ ನರ್ಸರಿಯಲ್ಲಿ ಸಿಗುವ ಅದೇ ಹಗುರ ಪದಾರ್ಥ. ಅದನ್ನು ಬಾಣಲೆಯಲ್ಲಿ ಬಿಸಿ ಮಾಡಿ ಮಣಿ ಹೂತರೆ ಮಣಿ ನಿಧಾನವಾಗಿ ಆರುತ್ತದೆ, ಅಷ್ಟೆ. 510ರಲ್ಲಿ ಒಂದು ಗಂಟೆ ನಿಲ್ಲುವುದಿಲ್ಲ. ಅದು ತಾತ್ಕಾಲಿಕ ಹಾಸಿಗೆ, ಕುಲುಮೆಗೆ ಬದಲಿಯಲ್ಲ. ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ವರ್ಮಿಕ್ಯುಲೈಟಿನಲ್ಲಿ ಸೀಳದೆ ಆರಿದ ಮಣಿಗಳನ್ನು ಒಟ್ಟುಮಾಡಿ, ವಾರಕ್ಕೊಮ್ಮೆ ಕುಲುಮೆಯಲ್ಲಿಟ್ಟು, ತಣ್ಣಗಿನಿಂದ ಗಂಟೆಗೆ 150 ಡಿಗ್ರಿಯಂತೆ 510ಕ್ಕೆ ಏರಿಸಿ, ಅಲ್ಲಿಂದ ಮೇಲೆ ಹೇಳಿದ ಕ್ರಮದಲ್ಲೇ ಇಳಿಸಿದರೆ ಅವು ಉರಿಯಿಂದ ನೇರ ಕುಲುಮೆಗೆ ಹೋದ ಮಣಿಗಳಷ್ಟೇ ಗಟ್ಟಿ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಅನೀಲಿಂಗ್ ಸರಿಯಾಗಿದೆಯೇ ಎಂದು ನೋಡಲು ಪ್ರಯೋಗಾಲಯ ಬೇಡ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಹಾಳೆ ತೆರೆದಿಡಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ. ಈಗ ಒಂದು ಪಾರದರ್ಶಕ ಮಣಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಮಣಿಯೂ ಕಪ್ಪಾಗಿಯೇ ಕಂಡರೆ ಒಳಗೆ ಎಳೆತ ಇಲ್ಲ. ತೂತಿನ ಸುತ್ತ ಬೆಳಕಿನ ದಳಗಳು ಹೂವಿನಂತೆ ಮಿನುಗಿದರೆ ಆ ಮಣಿ ಮತ್ತೆ ಕುಲುಮೆಗೆ. ಅಪಾರದರ್ಶಕ ಮಣಿಗೆ ಈ ಪರೀಕ್ಷೆ ನಡೆಯದು. ಆದ್ದರಿಂದ ಪ್ರತಿ ಸರದಿಯಲ್ಲೂ ಬಣ್ಣವಿಲ್ಲದ ತಿಳಿಗಾಜಿನ ಒಂದು ದಪ್ಪ ಮಣಿ ಮಾಡಿ ಸಾಕ್ಷಿಗೆಂದು ಇಡುವುದು ಒಳ್ಳೆಯ ಪದ್ಧತಿ. ಸಾಕ್ಷಿ ಮಣಿ ಸರಿ ಇದ್ದರೆ ಅದೇ ಗಾತ್ರದ, ಅದೇ ಗಾಜಿನ ಉಳಿದವೂ ಸರಿ ಎಂದು ಹಿಡಿಯಬಹುದು.

ಅದೇ ಗಾಜು ಎಂಬ ಮಾತು ಮುಖ್ಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲೂಕಿನ ಮತ್ತೋಡಿನಲ್ಲಿ ಬಳೆಗಾಜು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಸೌಳು ಮಣ್ಣಿನ ಕ್ಷಾರ, ಬೆಣಚುಕಲ್ಲಿನ ಪುಡಿ. ಕ್ಷಾರ ಸ್ವಲ್ಪ ಹೆಚ್ಚಾದರೆ ಗಾಜು ಬೇಗ ಕರಗುತ್ತದೆ, ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಆರುವಾಗ ಹೆಚ್ಚು ಕುಗ್ಗುತ್ತದೆ. ಅಂದಿಗೂ ಇಂದಿಗೂ ಗಾಜು ಎಂಬುದು ಒಂದೇ ವಸ್ತುವಲ್ಲ. ಪೊಟ್ಟಣದ ಮೇಲಿನ ಸಿಒಇ ಅಂಕಿ ಹೇಳುವುದು ಈ ಹಿಗ್ಗುವಿಕೆಯ ಪ್ರಮಾಣವನ್ನೇ. 104ಕ್ಕೆ 104 ಮಾತ್ರ ಜೋಡಿ. 104ರ ಮಣಿಯ ಮೇಲೆ 90ರ ಚುಕ್ಕೆ ಇಟ್ಟರೆ ಎಷ್ಟೇ ಅನೀಲ್ ಮಾಡಿದರೂ ಚುಕ್ಕೆಯ ಸುತ್ತ ಬಿರುಕು ಬರುತ್ತದೆ. ಬೋರೋಸಿಲಿಕೇಟ್ ಗಾಜು 33, ಅದರ ಹದ 565 ಡಿಗ್ರಿ, ಅದರ ಲೋಕವೇ ಬೇರೆ.

ನಮ್ಮಲ್ಲಿ ಸಿಗುವ ಅಗ್ಗದ ಕಡ್ಡಿಗಳ ಮೇಲೆ ಈ ಅಂಕಿ ಇರುವುದೇ ಇಲ್ಲ. ಉತ್ತರ ಪ್ರದೇಶದ ಫಿರೋಜಾಬಾದು ಬಳೆಗೆ, ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ ಮಣಿಗೆ ಹೆಸರಾದ ಊರುಗಳು. ಅಲ್ಲಿನ ಕೆಲಸಗಾರರು ತಮ್ಮ ಗಾಜನ್ನು ಕೈಯಿಂದಲೇ ಬಲ್ಲವರು, ಅವರಿಗೆ ಚೀಟಿ ಬೇಕಾಗಿಲ್ಲ. ಆ ಕಡ್ಡಿ ಇಲ್ಲಿಗೆ ಬಂದಾಗ ನಮಗೆ ಬೇಕು. ಅಂಕಿ ಇಲ್ಲದ ಕಡ್ಡಿ ಕೈಗೆ ಬಂದರೆ ಎಳೆ ಪರೀಕ್ಷೆ ಮಾಡಿ: ಗೊತ್ತಿರುವ ಗಾಜಿನ ಒಂದು ಉಂಡೆ, ಗೊತ್ತಿಲ್ಲದ್ದರ ಒಂದು ಉಂಡೆ, ಎರಡನ್ನೂ ಕಾಯಿಸಿ ಅಕ್ಕಪಕ್ಕ ಅಂಟಿಸಿ. ಬೆರೆಸಬೇಡಿ, ಪಕ್ಕಪಕ್ಕವೇ ಇರಲಿ. ಒಟ್ಟಿಗೆ ಮೆತ್ತಗಾದಾಗ ಉರಿಯಿಂದ ತೆಗೆದು, ದಪ್ಪ ಹೊಲಿಗೆ ದಾರದಷ್ಟು ತೆಳ್ಳಗೆ, ಒಂದು ಅಡಿ ಉದ್ದಕ್ಕೆ ಎಳೆಯಿರಿ. ಆರುವವರೆಗೆ ಎರಡು ತುದಿ ನೇರ ಹಿಡಿದಿದ್ದು, ಆಮೇಲೆ ನಡುವೆ ಮುರಿದು ಬಿಡಿ. ಎಳೆ ನೇರ ಉಳಿದರೆ ಎರಡೂ ಹೊಂದುತ್ತವೆ. ಬಿಲ್ಲಿನಂತೆ ಬಾಗಿದರೆ ಹೊಂದುವುದಿಲ್ಲ, ಬಾಗಿದ ಒಳಮೈಯ ಗಾಜು ಹೆಚ್ಚು ಕುಗ್ಗುವಂಥದ್ದು. ಗೊತ್ತಿಲ್ಲದ ಗಾಜಿನ ಅನೀಲಿಂಗ್ ಹದ ತಿಳಿಯಲು, ಕುಲುಮೆಯೊಳಗೆ ಎರಡು ಇಟ್ಟಿಗೆ ತುಂಡುಗಳ ಮೇಲೆ ಒಂದು ತೆಳು ಕಡ್ಡಿಯನ್ನು ಸೇತುವೆಯಂತೆ ಇಟ್ಟು ನಿಧಾನವಾಗಿ ಬಿಸಿ ಏರಿಸಿ. ನಡುಭಾಗ ಜೋತುಬೀಳಲು ಶುರುವಾದ ಡಿಗ್ರಿಗಿಂತ 25-30 ಕೆಳಗಿನದ್ದನ್ನು ಹದವೆಂದು ಹಿಡಿದು, ಸಾಕ್ಷಿ ಮಣಿಯಿಂದ ಖಾತರಿ ಮಾಡಿಕೊಳ್ಳಿ.

ಒಡೆದ ಬಳೆಚೂರು, ಖಾಲಿ ಬಾಟಲಿಯಿಂದ ಮಣಿ ಮಾಡುವ ಉತ್ಸಾಹಿಗಳಿಗೂ ಒಂದು ಮಾತು. ಬಳೆಚೂರಿನ ಮೇಲೆ ಬಣ್ಣ, ಹೊಳಪಿನ ಲೇಪ ಇರುತ್ತವೆ, ಉರಿಗೆ ಹಿಡಿದರೆ ಹೊಗೆ ಮತ್ತು ಕಲೆ. ಬಾಟಲಿ ಗಾಜು ನಡೆಯುತ್ತದೆ, ಆದರೆ ಒಂದು ಮಣಿಗೆ ಒಂದೇ ಬಾಟಲಿ. ಅದು ಬಿರುಸಾದ ಗಾಜು, ಹೆಚ್ಚು ಉರಿ ಬೇಡುತ್ತದೆ, ಹದವೂ 550ರ ಆಸುಪಾಸಿನಲ್ಲಿದೆ. ಅದನ್ನು 104ರ ಮಣಿಗಳ ಜೊತೆ ಒಂದೇ ಸರದಿಯಲ್ಲಿ ಇಡುವಂತಿಲ್ಲ. 550ರಲ್ಲಿ 104ರ ಮಣಿಗಳು ಮೆತ್ತಗಾಗಿ, ಒಂದಕ್ಕೊಂದು ತಾಗಿದಲ್ಲಿ ಅಂಟಿಕೊಳ್ಳುತ್ತವೆ, ಇಟ್ಟ ತಟ್ಟೆಯ ಅಚ್ಚು ಹೊಡೆಸಿಕೊಳ್ಳುತ್ತವೆ.

ಇನ್ನು ಉರಿಯ ಮುಂದಿನ ಕೆಲಸ. ಮಣಿ ಸುತ್ತುವುದು ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯ ಮೇಲೆ. 2.4 ಮಿ.ಮೀ. ಕಡ್ಡಿ ಕಲಿಯುವವರಿಗೆ ಸಲೀಸು, ಚರ್ಮದ ದಾರಕ್ಕೂ ಹೊಂದುತ್ತದೆ. ರೇಷ್ಮೆ ದಾರ, ಕಿವಿಯೋಲೆಯ ತಂತಿಗೆ 1.6 ಮಿ.ಮೀ. ಬೇಕು. ಗಾಜು ಸ್ಟೀಲಿಗೆ ಕಚ್ಚಿಕೊಳ್ಳದಿರಲು ಮಣ್ಣಿನ ಲೇಪ ಬಳಿಯುತ್ತಾರೆ, ಬೀಡ್ ರಿಲೀಸ್ ಎಂದು ಸಿಗುತ್ತದೆ. ಈ ಲೇಪವೇ ಕಲಿಯುವವರನ್ನು ಹೆಚ್ಚು ಅಳಿಸುವುದು. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನದೋಸೆ ಹಿಟ್ಟಿಗಿಂತ ತೆಳು ಇರಬೇಕು. ಐದು ಸೆಂಟಿಮೀಟರ್ ಅದ್ದಿ, ನೇರ ಮೇಲಕ್ಕೆ ಎತ್ತಿ, ಮರಳಿನ ಡಬ್ಬಿಯಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಒಂದು ರಾತ್ರಿಯೇ ಬೇಕಾದೀತು. ಹಸಿ ಉಳಿದ ಲೇಪ ಉರಿಯಲ್ಲಿ ಹಬೆ ಕಟ್ಟಿ ಪದರ ಪದರವಾಗಿ ಏಳುತ್ತದೆ. ಲೇಪ ದಪ್ಪವಾದರೆ ಮಣಿ ತಿರುಗಿಸುವಾಗ ಒಡೆದು, ಮಣಿ ಗರಗರ ಸುತ್ತತೊಡಗುತ್ತದೆ. ತೆಳುವಾದರೆ ಮಣಿ ಕಡ್ಡಿಗೆ ಕಚ್ಚಿ ಹೊರಬರುವುದೇ ಇಲ್ಲ. ಕಡ್ಡಿಗೆ ಎಣ್ಣೆ ಅಂಶ ಅಂಟಿದ್ದರೂ ಲೇಪ ಹಿಡಿಯದು. ಮೊದಲು ಮರಳು ಕಾಗದದಿಂದ ಉಜ್ಜಿ, ಸಾಬೂನಿನಿಂದ ತೊಳೆಯಿರಿ.

ಗಾಜಿನ ಕಡ್ಡಿಯನ್ನು ಒಮ್ಮೆಗೇ ಉರಿಯ ನಡುವಿಗೆ ಒಡ್ಡಿದರೆ ತುದಿ ಪಟಪಟ ಸಿಡಿದು ಚೂರು ಮಡಿಲಿಗೆ ಬೀಳುತ್ತದೆ. ಉರಿಯ ಹೊರತುದಿಯಲ್ಲಿ ಎರಡು ಮೂರು ಸಲ ಆಡಿಸಿ, ಹಣತೆಯ ಬತ್ತಿಯಂತೆ ತುದಿ ಬೆಳಗತೊಡಗಿದ ಮೇಲೆ ಒಳಗೆ ತನ್ನಿ. ತುದಿಯಲ್ಲಿ ಕಡಲೆಕಾಳಿನಷ್ಟು ಉಂಡೆ ಕಟ್ಟಿ, ಅದು ಪಾಕದಂತೆ ಜೋತುಬೀಳುವ ಹೊತ್ತಿಗೆ ಸ್ಟೀಲ್ ಕಡ್ಡಿಯೂ ಮಂದ ಕೆಂಪಾಗಿರಬೇಕು. ಕಡ್ಡಿ ತಣ್ಣಗಿದ್ದರೆ ಗಾಜು ಹಿಡಿಯುವುದಿಲ್ಲ, ತಾಗಿದ ಕಡೆ ಮಾತ್ರ ಗಟ್ಟಿಯಾಗಿ ತೂತಿನ ಒಳಗೆ ಸಣ್ಣ ಸೀಳು ಉಳಿಯುತ್ತದೆ. ಸ್ಟೀಲ್ ಕಡ್ಡಿಯನ್ನು ನಿಮ್ಮ ಕಡೆಯಿಂದ ಆಚೆಗೆ ತಿರುಗಿಸುತ್ತ ಗಾಜನ್ನು ಸುತ್ತಿಕೊಳ್ಳಿ. ಗಾಜು ತಾನಾಗಿ ಓಡಬೇಕು, ನೀವು ಎಳೆಯಬಾರದು.

ಗಾತ್ರ ಒಂದೇ ಬರುವುದು ಕಣ್ಣಂದಾಜಿನಿಂದ ಅಲ್ಲ, ಅಳತೆಯಿಂದ. 6 ಮಿ.ಮೀ. ದಪ್ಪದ ಕಡ್ಡಿಯಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 0.7 ಗ್ರಾಂ ಗಾಜು. 10 ಮಿ.ಮೀ. ದುಂಡು ಮಣಿಗೆ 1.2 ಗ್ರಾಂ ಬೇಕು, ಅಂದರೆ 1.7 ಸೆಂ.ಮೀ. ಕಡ್ಡಿ. 12 ಮಿ.ಮೀ. ಮಣಿಗೆ 2.1 ಗ್ರಾಂ, ಅಂದರೆ 3 ಸೆಂ.ಮೀ. ಬೇಕು. ಕಡ್ಡಿಯ ಮೇಲೆ ಮಾರ್ಕರಿನಿಂದ ಗುರುತು ಹಾಕಿಕೊಂಡು ಆ ಗುರುತಿನವರೆಗೆ ಕರಗಿಸಿದರೆ ಕಿವಿಯೋಲೆಗೆ ಜೋಡಿ ಸಿಗುತ್ತದೆ. ಎರಡು ಮಿ.ಮೀ. ವ್ಯಾಸ ಹೆಚ್ಚಾದರೆ ಗಾಜು ಮುಕ್ಕಾಲು ಪಾಲು ಹೆಚ್ಚು ಬೇಕು ಎಂಬುದನ್ನು ಬೆಲೆ ಹಾಕುವಾಗ ಬಹಳ ಜನ ಮರೆಯುತ್ತಾರೆ.

ಒಳ್ಳೆಯ ಮಣಿಯನ್ನು ಗುರುತಿಸಲು ಬಣ್ಣ ನೋಡಬೇಡಿ, ತೂತಿನ ಅಂಚನ್ನು ಉಗುರಿನಿಂದ ಮುಟ್ಟಿ. ಅಂಚು ಒಳಕ್ಕೆ ಮಡಚಿ, ಸೇಬಿನ ತೊಟ್ಟಿನ ಗುಳಿಯಂತೆ ನುಣುಪಾಗಿರಬೇಕು. ಮೊಳೆಯಂತೆ ಚೂಪಾಗಿ ಎದ್ದಿದ್ದರೆ ಗಾಜು ಕಡಿಮೆ ಹಾಕಿ ಉದ್ದ ಹೆಚ್ಚು ಎಳೆದಿದ್ದಾರೆ ಎಂದರ್ಥ. ಆ ಅಂಚು ಮೂರು ತಿಂಗಳಲ್ಲಿ ದಾರ ಕತ್ತರಿಸುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಅದನ್ನು ಆಮೇಲೆ ಉಜ್ಜಿ ಸರಿಪಡಿಸುವುದಕ್ಕಿಂತ ಮೊದಲ ಸುತ್ತಿನಲ್ಲೇ ಅಗಲ ಕಡಿಮೆ ಇಟ್ಟು, ಅದರ ಮೇಲೆ ಗಾಜು ಪೇರಿಸುವುದು ಸುಲಭ. ಕಾದ ಗಾಜು ತನ್ನ ಮೇಲ್ಮೈ ಸೆಳೆತಕ್ಕೆ ತಾನೇ ದುಂಡಾಗುತ್ತದೆ, ಅಂಚನ್ನೂ ಒಳಗೆಳೆದುಕೊಳ್ಳುತ್ತದೆ. ಚುಕ್ಕೆ ಇಡುವಾಗಲೂ ಅಷ್ಟೆ. ಚುಕ್ಕೆಯ ಬುಡ ಅಣಬೆಯಂತೆ ಒಳಸರಿದಿರಬಾರದು, ಪೂರ್ತಿ ಅಂಟಿ ಕೂರುವವರೆಗೆ ಕಾಯಿಸಬೇಕು. ಬುಡದ ಸಂದಿಯಿಂದಲೇ ಸೀಳು ಹುಟ್ಟುತ್ತದೆ.

ಬಣ್ಣಗಳ ಜಗಳ ಬೇರೆ. ತಾಮ್ರ ಬೆರೆತ ಆಕಾಶನೀಲಿ, ಹಸಿರುನೀಲಿ ಕಡ್ಡಿಗಳು ಆಮ್ಲಜನಕ ಕಡಿಮೆಯಿರುವ ಹಳದಿ ಉರಿಯಲ್ಲಿ ಇಟ್ಟಿಗೆಗೆಂಪು ಪೊರೆ ಕಟ್ಟಿಕೊಳ್ಳುತ್ತವೆ. ಕೆಂಪು, ಕಿತ್ತಳೆ, ಹಳದಿ ಕಡ್ಡಿಗಳನ್ನು ಹೆಚ್ಚು ಹೊತ್ತು ಕುದಿಸಿದರೆ ಕಂದು ತಿರುಗುತ್ತವೆ. ತಿಳಿಗಾಜನ್ನು ಬರ್ನರಿನ ಬಾಯಿಗೆ ಹತ್ತಿರ ಹಿಡಿದರೆ ಮಸಿ ಮತ್ತು ಗುಳ್ಳೆ. ಮೂರಕ್ಕೂ ಮದ್ದು ಒಂದೇ, ಉರಿಯ ತುದಿಭಾಗದಲ್ಲಿ, ಬೇಕಾದಷ್ಟು ಆಮ್ಲಜನಕ ಕೊಟ್ಟು, ನಿಧಾನವಾಗಿ ಕೆಲಸ ಮಾಡುವುದು. ಇನ್ನು ಸೆಕೆಗೆಂದು ಮೇಲಿನ ಫ್ಯಾನ್ ಹಾಕಿಕೊಳ್ಳುವುದು. ಆ ಗಾಳಿ ಉರಿಯನ್ನು ಅಲುಗಿಸುತ್ತದೆ, ಮಣಿಯ ಒಂದು ಮಗ್ಗುಲನ್ನು ಮಾತ್ರ ಆರಿಸುತ್ತದೆ. ಏಪ್ರಿಲ್‌ನಲ್ಲಿ ಸೀಳುವ ಎಷ್ಟೋ ಮಣಿಗಳಿಗೆ ಕಾರಣ ತಲೆಯ ಮೇಲೆಯೇ ತಿರುಗುತ್ತಿರುತ್ತದೆ.

ಬರ್ನರಿಗೆ ಗ್ಯಾಸಿನ ಜೊತೆ ಬೇಕಾಗುವ ಆಮ್ಲಜನಕಕ್ಕೆ ಸಿಲಿಂಡರೇ ಬೇಕೆಂದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡು ಈಗ ಮೂಲೆ ಸೇರಿರುವ ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರು ಸಣ್ಣ ಬರ್ನರಿಗೆ ಸಾಕು. ಹಳೆಯದನ್ನು ಕೊಳ್ಳುವ ಮೊದಲು ಅರ್ಧ ಗಂಟೆ ಓಡಿಸಿ, ಆಮ್ಲಜನಕದ ಪ್ರಮಾಣ 90 ಶೇಕಡಾ ದಾಟುತ್ತದೆಯೇ ಎಂದು ಮೀಟರಿನಲ್ಲಿ ನೋಡಬೇಕು. ವರ್ಷಗಟ್ಟಲೆ ಸುಮ್ಮನೆ ಬಿದ್ದ ಯಂತ್ರದ ಒಳಗಿನ, ಗಾಳಿಯಿಂದ ಸಾರಜನಕ ಹೀರುವ ಜಿಯೊಲೈಟ್ ಕಾಳುಗಳು ತೇವ ಕುಡಿದು ಕೆಟ್ಟಿರುತ್ತವೆ. ಯಂತ್ರ ಸದ್ದು ಮಾಡುತ್ತದೆ, ಬರುವುದು ಮಾತ್ರ ಬರೀ ಗಾಳಿ. ಸಿಲಿಂಡರೇ ಬಳಸುವವರು ಅದರ ರೆಗ್ಯುಲೇಟರಿಗೆ ಒಂದು ಹನಿ ಎಣ್ಣೆ, ಗ್ರೀಸ್ ಕೂಡ ಸೋಕಿಸಬಾರದು. ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ.

ಅಡುಗೆ ಮನೆಯ 14.2 ಕಿಲೋ ಸಿಲಿಂಡರನ್ನು ಈ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಬೇಕು. ಸಣ್ಣ ಬರ್ನರಿಗೆ ಅದು ನೂರು ಗಂಟೆ ಮೀರಿ ಬರುತ್ತದೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನಂತೆ ಹರಿಯುತ್ತದೆ. ನೆಲಮಾಳಿಗೆಯಲ್ಲಿ, ಬಚ್ಚಲ ಕಂಡಿಯ ಪಕ್ಕದಲ್ಲಿ ಇಡಬೇಡಿ. ಗ್ಯಾಸು, ಆಮ್ಲಜನಕ ಎರಡರ ಕೊಳವೆಗೂ ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇರಲಿ. ಕೆಲಸದ ಜಾಗ ಅಡುಗೆ ಮನೆ ಆಗಬಾರದು, ಕೆಲವು ಬಣ್ಣದ ಕಡ್ಡಿಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ. ಎಕ್ಸಾಸ್ಟ್ ಫ್ಯಾನ್ ಬರ್ನರಿನ ಆಚೆ ಇರಬೇಕು, ಹೊಗೆ ನಿಮ್ಮ ಮುಖವನ್ನು ದಾಟಿ ಹೋಗುವಂತೆ ಅಲ್ಲ. ಕಾದ ಗಾಜಿನಿಂದ ಬರುವ ಸೋಡಿಯಂನ ಹಳದಿ ಬೆಳಕನ್ನು ತಡೆಯಲು ಡಿಡಿಮಿಯಂ ಕನ್ನಡಕ ಬೇಕು, ಸಾಮಾನ್ಯ ಕೂಲಿಂಗ್ ಗ್ಲಾಸು ಎಲ್ಲವನ್ನೂ ಮಬ್ಬು ಮಾಡುತ್ತದೆಯೇ ಹೊರತು ಆ ಬೆಳಕನ್ನು ಸೋಸುವುದಿಲ್ಲ. ನೈಲಾನ್ ಸೀರೆ, ಪಾಲಿಯೆಸ್ಟರ್ ದುಪಟ್ಟ ಬೇಡ, ಹತ್ತಿ ಬಟ್ಟೆ ಇರಲಿ. ಮಣಿಯ ತೂತಿನಲ್ಲಿ ಉಳಿದ ಒಣ ಲೇಪವನ್ನು ನೀರಿನಲ್ಲಿ ನೆನೆಸಿ, ನೀರಿನೊಳಗೇ ಡೈಮಂಡ್ ರೀಮರಿನಿಂದ (ವಜ್ರದ ಪುಡಿ ಅಂಟಿಸಿದ ಸಣ್ಣ ಅರ) ಉಜ್ಜಿ ತೆಗೆಯಬೇಕು. ಒಣಗಿದ್ದನ್ನು ಕೆರೆದು ಊದುವ ಅಭ್ಯಾಸ ಶ್ವಾಸಕೋಶಕ್ಕೆ ಕೆಟ್ಟದ್ದು. ಲೇಪ ತೂತಿನಲ್ಲೇ ಉಳಿಸಿ ಮಾರುವವರೂ ಇದ್ದಾರೆ, ಆ ಬಿಳಿ ಪುಡಿ ಬೆವರಿಗೆ ನೆನೆದು ದಾರಕ್ಕೂ ರವಿಕೆಗೂ ಇಳಿಯುತ್ತದೆ.

ಈಗ ದುಡ್ಡಿನ ಲೆಕ್ಕ. ಎರಡು ಬಣ್ಣದ, ಚುಕ್ಕೆಯಿರುವ 12 ಮಿ.ಮೀ. ಮಣಿಗೆ ಕೈ ಪಳಗಿದವರಿಗೂ ಆರೇಳು ನಿಮಿಷ ಬೇಕು. ಕಡ್ಡಿ ಬದಲಿಸುವುದು, ಕೆಟ್ಟದ್ದನ್ನು ಎಸೆಯುವುದು ಸೇರಿದರೆ ಗಂಟೆಗೆ ಏಳು ಒಳ್ಳೆಯ ಮಣಿ. ದಿನಕ್ಕೆ ನಾಲ್ಕು ಗಂಟೆ ಉರಿಯ ಮುಂದೆ ಕೂತರೆ 28 ಮಣಿ. ಲೇಪ ಅದ್ದುವುದು, ತೂತು ಉಜ್ಜುವುದು, ಜೋಡಿಸುವುದು, ಫೋಟೊ ತೆಗೆಯುವುದು, ಪೊಟ್ಟಣ ಕಟ್ಟುವುದು, ಇವಕ್ಕೆ ಇನ್ನೆರಡು ಗಂಟೆ. ಗಂಟೆಗೆ ನೂರು ರೂಪಾಯಿ ಕೂಲಿ ಹಿಡಿದರೆ ಆರು ಗಂಟೆಗೆ 600, ಮಣಿಗೆ 21 ರೂಪಾಯಿ ಮೀರುತ್ತದೆ. ಗಾಜು ಕಿಲೋಗೆ 2,500 ಎಂದಿಟ್ಟುಕೊಂಡರೆ ಪೋಲು ಸೇರಿ ಮಣಿಗೆ 2.5 ಗ್ರಾಂ, ಅಂದರೆ ಆರು ರೂಪಾಯಿ ಚಿಲ್ಲರೆ. ಗ್ಯಾಸು, ಕರೆಂಟು, ಲೇಪಕ್ಕೆ ಐದು. ಸಾಮಾನಿಗೆ ಒಂದು ಲಕ್ಷ ಹಾಕಿ ಐದು ವರ್ಷಕ್ಕೆ ಹರಡಿ, ತಿಂಗಳಿಗೆ 20 ದಿನ ಕೆಲಸವೆಂದರೆ ಮಣಿಗೆ ಮೂರು. ಒಟ್ಟು 36 ರೂಪಾಯಿ ತಗಲುತ್ತದೆ. ಅಂಗಡಿಯವರು ನೂರಕ್ಕೆ 40 ಹಿಡಿದುಕೊಳ್ಳುವುದಾದರೆ ಚೀಟಿಯ ಬೆಲೆ 60 ಇರಬೇಕು. ಅದಕ್ಕಿಂತ ಕಡಿಮೆಗೆ ಮಾರುವವರು ತಮ್ಮ ಕೂಲಿಯನ್ನು ಬಿಟ್ಟುಕೊಡುತ್ತಿದ್ದಾರೆ, ಇಲ್ಲವೇ ಕುಲುಮೆಯನ್ನು ಬಿಟ್ಟಿದ್ದಾರೆ. ನಿಮ್ಮೂರಿನ ದರ ಬೇರೆ ಇದ್ದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ರೀತಿ ಇದೇ.

ಅದಕ್ಕೇ ಕರಿಮಣಿ ಸರಕ್ಕೆ ಮನೆಯಲ್ಲೇ ಮಣಿ ಮಾಡುತ್ತೇವೆ ಎನ್ನುವವರಿಗೆ ಬೇಡ ಎನ್ನುತ್ತೇವೆ. ಎರಡು ಮಿ.ಮೀ. ಮಣಿಯನ್ನು 1.6 ಮಿ.ಮೀ. ಕಡ್ಡಿಗೆ ಸುತ್ತಲಾಗದು. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಕುಲುಮೆಯಿಂದಲೇ ಟೊಳ್ಳು ಗಾಜಿನ ನಳಿಕೆ ಎಳೆದು, ತುಂಡರಿಸಿ, ಸಣ್ಣ ಮಣಿಗಳನ್ನು ರಾಶಿ ರಾಶಿ ತೆಗೆಯುವ ಪದ್ಧತಿಯಿದೆ. ವಾರಾಣಸಿಯ ಗಾಜಿನ ಮಣಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ದೊರೆತಿದೆ. ಅವರೊಂದಿಗೆ ಅಗ್ಗದಲ್ಲಿ ಪೈಪೋಟಿ ಮಾಡಲು ಮನೆಯ ಒಂಟಿ ಬರ್ನರಿಗೆ ಆಗದು. ಮನೆಯ ಮಣಿಗೆ ಜಾಗವಿರುವುದು ಸರದ ನಡುವಿನ ಒಂದು ದೊಡ್ಡ ಮಣಿಯಲ್ಲಿ, ಸೀರೆಯ ಬಣ್ಣಕ್ಕೆ ಹೊಂದಿಸಿದ ಓಲೆಯ ಜೋಡಿಯಲ್ಲಿ, ಕುಚ್ಚಿನ ತುದಿಯಲ್ಲಿ. ಬಿಡಿ ಮಣಿಗಿಂತ ಪೂರ್ತಿ ಮಾಡಿದ ಒಡವೆ ಮಾರುವುದು ಲೇಸು. ಸಂತೆ, ಮೇಳಗಳಲ್ಲಿ ಮುಟ್ಟಿ ನೋಡಿ ಕೊಳ್ಳುವವರು ಸಿಗುತ್ತಾರೆ. ಫೋಟೊದಲ್ಲಿ ತೂತಿನ ಅಂಚು ಕಾಣುವಂತೆ ಒಂದು ಚಿತ್ರ ಹಾಕಿ, ಅಂಥ ಚಿತ್ರ ಹಾಕುವವರು ಈಗ ಕಡಿಮೆ.

ಸಾಲ, ಸಹಾಯಧನದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕುಶಲಕರ್ಮಿಗಳಿಗೆಂದು 2023ರಲ್ಲಿ ಶುರುವಾದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾಜಿನ ಮಣಿ ಇಲ್ಲ. ಅಲ್ಲಿ ಮಾಲೆಗಾರ ಎಂದಿರುವುದು ಹೂ ಕಟ್ಟುವವರಿಗೆ. ಆದರೆ ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಅರ್ಜಿ ಹಾಕಬಹುದು. ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ 35 ಶೇಕಡಾ ಸಹಾಯಧನ, ಸ್ವಂತ ಪಾಲು 5 ಶೇಕಡಾ. ಯೋಜನಾ ವರದಿಯಲ್ಲಿ ಬರ್ನರಿನ ಕೊಟೇಶನ್ ಮಾತ್ರ ಇಟ್ಟು ಕುಲುಮೆಯನ್ನು ಆಮೇಲೆ ನೋಡೋಣ ಎಂದು ಬಿಡುವವರೇ ಜಾಸ್ತಿ. ಅದು ತಿರುಗುಮುರುಗು. ಬರ್ನರನ್ನು ಆಮೇಲೆ ದೊಡ್ಡದು ಮಾಡಬಹುದು. ಒಳಗೆ 20 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರದ, ಬಿಸಿಯನ್ನು ಹಂತ ಹಂತವಾಗಿ ತಾನೇ ಏರಿಳಿಸುವ ಪಿಐಡಿ ಕಂಟ್ರೋಲರ್ ಇರುವ ಕುಲುಮೆಯೇ ಮೊದಲು ಬರಬೇಕು. ಬಿಸಿ ಅಳೆಯುವ ಥರ್ಮೊಕಪಲ್ ತುದಿ ಮಣಿಗಳ ಮಟ್ಟದಲ್ಲಿರಬೇಕು, ಬಿಸಿ ಕೊಡುವ ಕಾಯಿಲ್ ಪಕ್ಕದಲ್ಲಲ್ಲ. ಕಾಯಿಲ್ ಪಕ್ಕದಲ್ಲಿದ್ದರೆ ಪರದೆಯ ಮೇಲೆ 510 ತೋರಿಸುವಾಗ ಮಣಿಯ ಬಳಿ 470 ಇರಬಹುದು.

ಎರಡು ಕಿಲೋವಾಟ್ ಕುಲುಮೆ ಒಂಬತ್ತು ಆಂಪಿಯರ್ ಎಳೆಯುತ್ತದೆ. ಅರ್ಥಿಂಗ್ ಇರುವ ಪವರ್ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಶನ್ ಬೋರ್ಡು ಬೇಡ. ಒಂದು ಸರದಿಗೆ ಆರೇಳು ಯೂನಿಟ್, ತಿಂಗಳಿಗೆ 20 ಸರದಿಯೆಂದರೆ 140 ಯೂನಿಟ್. ಗೃಹಜ್ಯೋತಿ ಮನೆಬಳಕೆಗೆ ಮಾತ್ರ. ಮನೆಯ ಮೀಟರಿನಲ್ಲಿ ಇದನ್ನು ಸೇರಿಸಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಬಾಗಿಲು ತೆರೆಯಬೇಡಿ. ಕರೆಂಟು ಬಂದ ಮೇಲೆ ನಿಧಾನವಾಗಿ ಮತ್ತೆ 510ಕ್ಕೆ ಏರಿಸಿ ಮೊದಲಿನಿಂದ ಮಾಡಿದರಾಯಿತು, ಎರಡನೇ ಸಲ ಅನೀಲ್ ಆದರೆ ಗಾಜಿಗೆ ನಷ್ಟವಿಲ್ಲ.

ಕುಲುಮೆ ಎಲ್ಲರಿಗೂ ಎಟುಕುವುದಿಲ್ಲ ಎಂಬುದು ನಿಜ. ಆದರೆ ಮೇಲೆ ಹೇಳಿದಂತೆ ಆರಿದ ಮಣಿಗಳನ್ನು ಆಮೇಲೆ ಒಟ್ಟಿಗೆ ಅನೀಲ್ ಮಾಡಬಹುದಲ್ಲ. ಹತ್ತು ಮಂದಿಯ ಸ್ವಸಹಾಯ ಸಂಘಕ್ಕೆ ಒಂದು ಕುಲುಮೆ ಸಾಕು. ಕಡ್ಡಿಯಿಂದ ಬಿಡಿಸಿದ 300 ಮಣಿ ಒಂದೇ ಸರದಿಯಲ್ಲಿ, ಒಂದಕ್ಕೊಂದು ತಾಗದಂತೆ, ಹಿಡಿಸುತ್ತವೆ. ತರಬೇತಿ ನಡೆಸುವ ಇಲಾಖೆಗಳು, ಸಂಸ್ಥೆಗಳು ಪ್ರಮಾಣಪತ್ರದ ಜೊತೆ ಹತ್ತು ಬರ್ನರ್ ಹಂಚುವ ಬದಲು ಐದು ಬರ್ನರ್, ಒಂದು ಕುಲುಮೆ ಕೊಡಲಿ. ತರಬೇತಿಯ ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ಮಣಿಯನ್ನು ಪರದೆಯ ಮುಂದೆ ಹಿಡಿದು ನೋಡಲಿ. ಕಡ್ಡಿ ಮಾರುವವರು ಪೊಟ್ಟಣದ ಮೇಲೆ ಹಿಗ್ಗುವ ಅಂಕಿ ಮತ್ತು ಅನೀಲಿಂಗ್ ಡಿಗ್ರಿ, ಈ ಎರಡನ್ನಾದರೂ ಮುದ್ರಿಸಲಿ. ಸಂಘದ ಕುಲುಮೆಯ ಪಕ್ಕ ಒಂದು ಪುಸ್ತಕ ತೂಗುಹಾಕಿ, ಯಾರ ತಟ್ಟೆ, ಯಾವ ಗಾಜು, ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂದು ಪ್ರತಿ ಸರದಿಗೂ ಬರೆದಿಡಿ. 104ರ ತಟ್ಟೆಯ ಪಕ್ಕ ಬಾಟಲಿ ಗಾಜಿನ ತಟ್ಟೆ ಬಂದು ಕೂರದಂತೆ ತಡೆಯುವುದು ಆ ಪುಸ್ತಕವೇ.

— ಉರಿಯ ಮುಂದೆ ಮಣಿ ಕಟ್ಟುವ ಕೆಲವರು, ಮೈಸೂರು